ಮದ್ದು ಬಿಡುವವರಿಗೂ ತಿನ್ನುವವರಿಗೂ: ಕೀಟನಾಶಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಡಾಕ್ಟರು ಕೊಡುವುದೂ ಮದ್ದು, ಅಡಿಕೆಗೆ ಬಿಡುವುದೂ ಮದ್ದು. ಹೆಸರು ಒಂದೇ ಆದ್ದರಿಂದಲೋ ಏನೋ, ಎರಡನೆಯದರ ಬಗ್ಗೆ ನಮಗೆ ಹೆದರಿಕೆ ಕಡಿಮೆ. ಉಡುಪಿ, ಮಂಗಳೂರು ಸುತ್ತಮುತ್ತ ಹಾಲಿನ ಸೊಸೈಟಿ ಎದುರು, ಸ್ವಸಹಾಯ ಸಂಘದ ಸಭೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ಕೇಳಿದ, ಕೆಲವರು ಪತ್ರ ಬರೆದೂ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ, ವಕೀಲನೂ ಅಲ್ಲ. ಒಂದೂವರೆ ಎಕರೆ ಅಡಿಕೆ ತೋಟ, ಅದರ ನಡುವೆ ಒಂದು ಬಾವಿ ಇರುವವನು.

## ಮೊದಲು ಡಬ್ಬಿಯ ವಿಷಯ

ಡಬ್ಬಿ ಮೇಲಿನ ತ್ರಿಕೋನ ಎಂಥದ್ದು? ಹಸಿರು ಇದ್ದರೆ ಹೆದರ್ಲಿಕ್ಕಿಲ್ಲ ಅಲ್ವಾ?

ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಹಾಕಿರುತ್ತಾರೆ. ಕೆಂಪು ಅಂದರೆ ಎಲ್ಲಕ್ಕಿಂತ ಜೋರು ವಿಷ, ಅದರ ಮೇಲಿನ ಅರ್ಧದಲ್ಲಿ ತಲೆಬುರುಡೆಯ ಚಿತ್ರವೂ ಉಂಟು. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು.

ಈ ಲೆಕ್ಕ ಹಾಕುವುದು ಮುಖ್ಯವಾಗಿ ಇಲಿಗಳ ಮೇಲೆ. ಎಷ್ಟು ವಿಷ ಹೊಟ್ಟೆಗೆ ಹೋದರೆ ಅರ್ಧಕ್ಕರ್ಧ ಇಲಿಗಳು ಸಾಯುತ್ತವೆ ಅಂತ ನೋಡುತ್ತಾರೆ. ಕೆಜಿ ತೂಕಕ್ಕೆ 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು, 51ರಿಂದ 500 ಹಳದಿ, 501ರಿಂದ 5,000 ನೀಲಿ, ಅದಕ್ಕೂ ಮೇಲೆ ಹಸಿರು. ಅಂದರೆ ಒಂದೇ ಸಲಕ್ಕೆ ಮೈಗೆ ಸೇರಿದರೆ ಏನಾಗುತ್ತದೆ ಅಂತ ಮಾತ್ರ ಬಣ್ಣ ಹೇಳುತ್ತದೆ. ಹತ್ತು ವರ್ಷ ಚೂರು ಚೂರೇ ತಾಗುತ್ತಾ ಬಂದರೆ ಏನಾಗುತ್ತದೆ ಅನ್ನುವುದು ಆ ಬಣ್ಣದಲ್ಲಿ ಇಲ್ಲ. ಹಸಿರು ಡಬ್ಬಿಯನ್ನು ಕೈಯಲ್ಲೇ ಕಲಸುವವರು ಇದನ್ನು ನೆನಪಿಡಬೇಕು.

ಅಂಗಡಿಯವರು ಕೊಟ್ಟದ್ದನ್ನೇ ತಂದು ಬಿಡ್ತೇವೆ. ಬೇರೆ ಎಂಥ ನೋಡ್ಲಿಕ್ಕುಂಟು?

ನೋಂದಣಿ ಸಂಖ್ಯೆ, ಅವಧಿ ಮುಗಿಯುವ ದಿನ, ನಿಮ್ಮ ಬೆಳೆಯ ಹೆಸರು. ಈ ಮೂರು ಲೇಬಲ್ಲಿನಲ್ಲಿ ಅಥವಾ ಒಳಗಿನ ಚೀಟಿಯಲ್ಲಿ ಇರಬೇಕು. ಬೆಳೆಯ ಹೆಸರು ಇಲ್ಲದಿದ್ದರೆ ಆ ಬೆಳೆಗೆ ಎಷ್ಟು ಹಾಕಬೇಕು, ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಯಾರೂ ಪರೀಕ್ಷೆ ಮಾಡಿಲ್ಲ ಅಂತ ತಿಳಿಯಿರಿ. ಒಳಗಿನ ಚೀಟಿ ಪ್ರಾದೇಶಿಕ ಭಾಷೆಯಲ್ಲೂ ಇರಬೇಕು ಅಂತ ನಿಯಮ ಉಂಟು. ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿಸಿ.

ಬಿಲ್ ಕೇಳಿ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಲಿ. ಅದಿಲ್ಲದಿದ್ದರೆ ಮುಂದೆ ಯಾವ ದೂರೂ ನಿಲ್ಲುವುದಿಲ್ಲ.

ನಿಷೇಧ ಆದದ್ದು ಯಾವುದೆಲ್ಲ? ಥಿಮೆಟ್ ಕೇಳಿದರೆ ಈಗಲೂ ಸಿಗ್ತದಲ್ಲ?

ಪಟ್ಟಿ ಉದ್ದ ಉಂಟು. ನಮ್ಮ ಕಡೆಗೆ ಬೇಕಾದಷ್ಟು ಹೇಳುತ್ತೇನೆ. ಎಂಡೋಸಲ್ಫಾನ್ ನಿಂತದ್ದು 2011ರಲ್ಲಿ. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮೀಥೈಲ್ ಪ್ಯಾರಾಥಿಯಾನ್, ಕಾರ್ಬರಿಲ್ ಸೇರಿದ ಹಾಗೆ ಹನ್ನೆರಡನ್ನು ಕೂಡಲೇ ನಿಲ್ಲಿಸಿತು. ಇನ್ನು ಆರಕ್ಕೆ 2020ರ ಡಿಸೆಂಬರ್ 31ರ ಗಡುವು ಕೊಟ್ಟಿತು. ಆ ಆರರಲ್ಲಿ ಫೋರೇಟ್ ಇದೆ. ನಾವು ಬಾಳೆ ಬುಡಕ್ಕೆ ಹಾಕುತ್ತಿದ್ದ ಥಿಮೆಟ್ ಅಂದರೆ ಅದೇ. ಡೈಕ್ಲೋರ್ವಾಸ್, ಟ್ರಯಜೋಫಾಸ್ ಕೂಡ ಅದರಲ್ಲೇ ಬಂತು. 2023ರಲ್ಲಿ ಡೈಕೋಫಾಲ್, ಡಿನೋಕ್ಯಾಪ್, ಮೆಥೊಮಿಲ್ ಸೇರಿಕೊಂಡವು.

ಕೇಳಿದರೆ ಸಿಗುತ್ತದೆ ಅಂದರೆ ಹಳೆಯ ದಾಸ್ತಾನು ಅಥವಾ ಕಳ್ಳ ಮಾಲು. ಎರಡೂ ಬೇಡ. ಮನೆಯ ಅಟ್ಟದಲ್ಲಿ ಅರ್ಧ ಡಬ್ಬಿ ಉಳಿದಿದ್ದರೆ ತೋಡಿಗೆ ಚೆಲ್ಲಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಬೋರ್ಡೋ ಕೂಡ ವಿಷವಾ? ಅಜ್ಜನ ಕಾಲದಿಂದ ಬಿಡ್ತಾ ಇದ್ದೇವಲ್ಲ.

ಕೊಳೆರೋಗಕ್ಕೆ ಬೋರ್ಡೋ ಅನ್ನುವುದು ನೂರು ವರ್ಷ ದಾಟಿದ ಸಂಗತಿ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೇ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿದ್ದರು. ಮೈಲುತುತ್ತು (ತಾಮ್ರದ ಸಲ್ಫೇಟ್) ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ.

ಹೊಸ ಮದ್ದುಗಳ ಎದುರು ಇದು ಸಾಧು. ಆದರೂ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಉಳಿಯುತ್ತಾ ಬರುತ್ತದೆ. ಮೈಲುತುತ್ತಿನ ಹರಳು ನೋಡಲಿಕ್ಕೆ ಚಂದ ನೀಲಿ, ಸಣ್ಣ ಮಕ್ಕಳು ಬಾಯಿಗೆ ಹಾಕಿದರೆ ಜೀವಕ್ಕೇ ಅಪಾಯ. ಕಣ್ಣಿಗೆ ರಟ್ಟಿದರೆ ಉರಿ ಸಹಿಸಲಿಕ್ಕಾಗುವುದಿಲ್ಲ. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ಹೊಳೆಯುವ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ. ಕತ್ತಿಯ ಮೇಲೆ ಕೆಂಪು ಕೂತರೆ ತಾಮ್ರ ಬಿಟ್ಟುಕೊಂಡಿದೆ ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಹೊಯ್ಯಿರಿ.

## ಅಡುಗೆ ಮನೆಯಿಂದ ಬಂದ ಪ್ರಶ್ನೆಗಳು

ಉಪ್ಪು ನೀರು, ಅರಸಿನ ನೀರಿನಲ್ಲಿ ನೆನೆಸಿದರೆ ತರಕಾರಿಯ ವಿಷ ಹೋಗ್ತದಾ?

ಸಿಪ್ಪೆಯ ಮೇಲೆ ಕೂತದ್ದು ಸ್ವಲ್ಪ ಹೋಗುತ್ತದೆ. ನಲ್ಲಿಯ ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೂ ಒಳ್ಳೆಯ ಪ್ರಯೋಜನವಿದೆ. ಉಪ್ಪು, ಹುಣಸೆಹುಳಿಯ ನೀರು ಅದಕ್ಕೆ ಚೂರು ಸಹಾಯ ಮಾಡಬಹುದು. ಅರಸಿನದ ಮೇಲೆ ನನಗೆ ನಂಬಿಕೆ ಇಲ್ಲ. ಸೋಪು ಬೇಡವೇ ಬೇಡ.

ಗಿಡವೇ ಕುಡಿದುಕೊಳ್ಳುವ ಜಾತಿಯ ಮದ್ದು ಬೇರೆ. ಅದು ಬೇರಿನಿಂದಲೋ ಎಲೆಯಿಂದಲೋ ಒಳಗೆ ಹೋಗಿ ಕಾಯಿಯ ತಿರುಳಿನಲ್ಲಿ ಇರುತ್ತದೆ. ಅದಕ್ಕೆ ಯಾವ ನೀರೂ ನಾಟುವುದಿಲ್ಲ. ಅದನ್ನು ತಡೆಯಬೇಕಾದ್ದು ತೋಟದಲ್ಲಿ. ಅಡುಗೆ ಮನೆಯಲ್ಲಿ ಆಗುವುದು ಇಷ್ಟು: ತೊಳೆದ ಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆಯಬೇಡಿ. ಕ್ಯಾಬೇಜಿನ ಹೊರಗಿನ ಎರಡು ಮೂರು ಎಲೆ ಬಿಸಾಡಿ. ಪೇಟೆಯ ಕರಿಬೇವಿನ ಸೊಪ್ಪನ್ನು ಒಗ್ಗರಣೆಗೆ ಹಾಕುವ ಮೊದಲು ಒಂದೊಂದೇ ಕಡ್ಡಿ ಹಿಡಿದು ತೊಳೆಯಿರಿ. ಸಾಧ್ಯವಾದರೆ ಹಿತ್ತಿಲಲ್ಲೇ ಒಂದು ಗಿಡ ನೆಡಿ.

ತೊಂದರೆ ಇರುವುದು ಘಟ್ಟದ ತರಕಾರಿಯಲ್ಲಿ ಅಲ್ವಾ? ಊರ ತರಕಾರಿ ಆದ್ರೆ ಕಣ್ಣು ಮುಚ್ಚಿ ತಗೋಬಹುದು ಅಲ್ವಾ?

ನಮಗೆ ಊರಿನ ಮೇಲೆ ಪ್ರೀತಿ ಜಾಸ್ತಿ. ಊರ ಬೆಂಡೆ, ಊರ ಅಲಸಂಡೆ ಅಂದರೆ ಎರಡು ಪಟ್ಟು ದುಡ್ಡು ಕೊಡುತ್ತೇವೆ. ರುಚಿಗೆ ಕೊಟ್ಟರೆ ಸರಿ. ಮದ್ದಿನ ವಿಷಯದಲ್ಲಿ ಊರು ನೋಡುವುದರಿಂದ ಪ್ರಯೋಜನವಿಲ್ಲ, ಬಿಟ್ಟು ಎಷ್ಟು ದಿನಕ್ಕೆ ಕೊಯ್ದರು ಅನ್ನುವುದನ್ನು ನೋಡಬೇಕು.

ಬದನೆಯನ್ನೇ ತೆಗೆದುಕೊಳ್ಳಿ. ನಮ್ಮ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ವಾದಿರಾಜರು ಕೊಟ್ಟ ಬೀಜ ಅಂತ ಕತೆ ಇರುವ, ಪರ್ಯಾಯದ ಊಟಕ್ಕೆ ಹೋಗುವ ಕಾಯಿ ಅದು. ಆದರೆ ಕಾಯಿಕೊರಕ ಹುಳಕ್ಕೆ ಭೌಗೋಳಿಕ ಗುರುತು ಗೊತ್ತಿಲ್ಲ. ಅದು ಯಾವ ಊರಿನ ಬದನೆಗೂ ಬರುತ್ತದೆ. ಬದನೆಯನ್ನು ಕೆಲವೇ ದಿನಕ್ಕೊಮ್ಮೆ ಕೊಯ್ಯುತ್ತಲೇ ಇರಬೇಕು, ಇಲ್ಲದಿದ್ದರೆ ಬಲಿಯುತ್ತದೆ. ಮದ್ದಿನ ಚೀಟಿಯಲ್ಲಿ ಕೊಯ್ಲಿಗೆ ಮುಂಚೆ ಇಷ್ಟು ದಿನ ಕಾಯಿರಿ ಅಂತ ಬರೆದಿರುತ್ತದೆ. ಸಂತೆ ದಿನ ಬಂದರೆ ಬೆಳೆದವನು ಕಾಯುವುದು ಕಷ್ಟ. ಇದು ಯಾರನ್ನೋ ಬೈಯುವ ಮಾತಲ್ಲ, ಆ ಬೆಳೆಯ ಕಷ್ಟವೇ ಅಂಥದ್ದು. ಪರಿಚಯದವರಲ್ಲಿ ಕೊಳ್ಳುವವರು "ಮದ್ದು ಬಿಟ್ಟಿದ್ದೀರಾ?" ಅಂತ ಕೇಳಬೇಡಿ. "ಯಾವತ್ತು ಬಿಟ್ಟದ್ದು?" ಅಂತ ಕೇಳಿ. ಉತ್ತರ ಸಿಗುತ್ತದೆ.

ಕಾನೂನಿನಲ್ಲಿ ಮಿತಿಯೂ ಇದೆ. ಯಾವ ಆಹಾರದಲ್ಲಿ ಯಾವ ಮದ್ದು ಎಷ್ಟು ಉಳಿಯಬಹುದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಗೊತ್ತುಮಾಡುತ್ತದೆ. ಮಿತಿ ಗೊತ್ತುಮಾಡದೇ ಇದ್ದಲ್ಲಿ ಸಾಮಾನ್ಯವಾಗಿ ಕೆಜಿಗೆ 0.01 ಮಿಲಿಗ್ರಾಂ ಲೆಕ್ಕ. ದೂರಿಗೆ ಅವರ ಸಹಾಯವಾಣಿ 1800 112 100.

ಶಂಕರಪುರ ಮಲ್ಲಿಗೆಗೂ ಮದ್ದು ಬಿಡ್ತಾರಂತೆ. ಮಗುವಿನ ತಲೆಗೆ ಮುಡಿಸಬಹುದಾ?

ಮೊಗ್ಗಿಗೆ ಹುಳ ಬಿದ್ದರೆ ಬಿಡುತ್ತಾರೆ, ಹೌದು. ತಿನ್ನುವ ವಸ್ತು ಅಲ್ಲದ ಕಾರಣ ಆಹಾರದ ಮಿತಿ ಹೂವಿಗೆ ಅನ್ವಯಿಸುವುದಿಲ್ಲ. ಅಟ್ಟೆ ಲೆಕ್ಕದಲ್ಲಿ ಮೊಗ್ಗು ಕೊಯ್ದು ಕಟ್ಟುವ ಹೆಂಗಸರ ಬೆರಳಿಗೆ ತಾಗುವಷ್ಟು ಮುಡಿಯುವವರಿಗೆ ತಾಗುವುದಿಲ್ಲ. ಮುಡಿಸಿ, ಆದರೆ ಕೂಸಿನ ಕೈಗೆ ಆಡಲಿಕ್ಕೆ ಕೊಡಬೇಡಿ, ಅದು ನೇರ ಬಾಯಿಗೆ ಹೋಗುತ್ತದೆ. ಹೂ ಕಟ್ಟುವವರು ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಲೇಬೇಕು.

ಅಕ್ಕಿಗೆ ಹುಳ ಬಾರದ ಹಾಗೆ ಗುಳಿಗೆ ಹಾಕಿಡ್ತೇವೆ. ಅದು ತೊಂದರೆಯಾ?

ತುಂಬಾ ತೊಂದರೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನುವ ವಿಷದ ಗಾಳಿ ಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರಗಾಲವೇ? ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಇದನ್ನು ಸರ್ಕಾರಿ ಸಂಸ್ಥೆಗಳಿಗೆ, ತರಬೇತಾದ ಕೀಟ ನಿಯಂತ್ರಣದವರಿಗೆ ಮಾತ್ರ ಮಾರಬೇಕು ಅಂತ ನಿರ್ಬಂಧ ಇರುವುದು ಸುಮ್ನೆ ಅಲ್ಲ. ಇದಕ್ಕೆ ಪ್ರತಿಮದ್ದೂ ಇಲ್ಲ. ಅಕ್ಕಿಯನ್ನು ಬಿಸಿಲಿಗೆ ಹಾಕಿ, ಗಾಳಿ ಹೋಗದ ಡಬ್ಬಿಯಲ್ಲಿ ತುಂಬಿಸಿ. ಎರಡು ಹುಳ ಬಂದರೆ ಗೆರಸೆಯಲ್ಲಿ ಕೇರಿದರೆ ಮುಗಿಯಿತು.

## ತೋಟದವರಿಗೆ

ಈ ಸೆಖೆಯಲ್ಲಿ ಕೋಟು, ಗ್ಲೌಸು ಎಲ್ಲ ಆಗುವ ಕೆಲಸವಾ ಮಾರಾಯ್ರೆ?

ಪೂರ್ತಿ ಆಗುವುದಿಲ್ಲ, ಒಪ್ಪಿದೆ. ಮೇ ತಿಂಗಳ ಬಿಸಿಲಿನಲ್ಲಿ ರಬ್ಬರ್ ಕೋಟು ಹಾಕಿ ಅಡಿಕೆ ಮರ ಹತ್ತಿ ಅಂತ ಹೇಳುವವರು ಒಮ್ಮೆ ಹತ್ತಿ ತೋರಿಸಲಿ. ಆದರೆ ಎಲ್ಲ ಹೊತ್ತಿನ ಅಪಾಯ ಒಂದೇ ಅಲ್ಲ. ಎಲ್ಲಕ್ಕಿಂತ ಜಾಸ್ತಿ ಅಪಾಯ ಇರುವುದು ನೀರು ಬೆರೆಸುವ ಮೊದಲಿನ ಐದು ನಿಮಿಷದಲ್ಲಿ. ಆಗ ಕೈಗೆ ತಾಗುವುದು ಗಟ್ಟಿ ಮದ್ದು. ಆ ಐದು ನಿಮಿಷ ಮೊಣಕೈವರೆಗಿನ ರಬ್ಬರ್ ಗ್ಲೌಸು, ಕನ್ನಡಕ ಹಾಕಿದರೆ ಅರ್ಧ ಗೆದ್ದ ಹಾಗೆ.

ನಮ್ಮ ತೋಟದ್ದೇ ಒಂದು ಸಂಗತಿ ಹೇಳುತ್ತೇನೆ. ಒಂದು ವರ್ಷ ಮದ್ದು ಬಿಡಲು ಬಂದವನು ಅಳತೆಗೆ ಏನಾದರೂ ಕೊಡಿ ಅಂದ. ನಾನು ಬಾವಿಕಟ್ಟೆಯ ಮೇಲಿದ್ದ ಸ್ಟೀಲ್ ಲೋಟ ಕೊಟ್ಟೆ. ಕೆಲಸ ಮುಗಿದ ಮೇಲೆ ಅವನು ಅದನ್ನು ತೊಳೆದು ಅಲ್ಲೇ ಬೋರಲು ಹಾಕಿ ಹೋದ. ಸಂಜೆ ನೋಡಿದರೆ ನನ್ನ ಹೆಂಡತಿ ಅದರಲ್ಲೇ ನೀರು ಕುಡಿಯಲಿಕ್ಕೆ ಹೊರಟಿದ್ದಳು. ಲೋಟದ ಅಂಚಿನಲ್ಲಿ ಹಾಲಿನ ಹಾಗೆ ಬಿಳಿ ಗೆರೆ ಇನ್ನೂ ಇತ್ತು. ಅವನದ್ದು ಏನೂ ತಪ್ಪಿಲ್ಲ, ಲೋಟ ಕೊಟ್ಟವನು ನಾನು. ಈಗ ಕೆಂಪು ಪೈಂಟ್ ಹಚ್ಚಿದ ಪ್ಲಾಸ್ಟಿಕ್ ಅಳತೆ ಪಾತ್ರೆ ಒಂದು ಪಂಪಿನ ಜೊತೆಗೇ ಕಟ್ಟಿ ಇಟ್ಟಿದೆ.

ಉಳಿದದ್ದು ಚಿಕ್ಕ ಚಿಕ್ಕ ವಿಷಯ. ನಾಜಲ್ ಕಟ್ಟಿದರೆ ಬಾಯಿಂದ ಊದಬೇಡಿ. ಒದ್ದೆಯಾದ ಲುಂಗಿ, ಬನಿಯನ್ ಆಗಲೇ ಬದಲಿಸಿ, ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ. ನಡುವೆ ಬೀಡಿ, ಎಲೆಅಡಿಕೆ ಬೇಡ. ಕೂಲಿಯವರಿಗೆ ಗ್ಲೌಸು ಕೊಡುವುದು, ಸ್ನಾನಕ್ಕೆ ಸೋಪು ನೀರು ಕೊಡುವುದು ಧಣಿಯ ಕೆಲಸ.

ಬಾವಿ ತೋಟದ ಮಧ್ಯದಲ್ಲೇ ಉಂಟು. ಕುದಿಸಿ ಕುಡಿದರೆ ಸಾಕಾ?

ಕುದಿಸಿದರೆ ಸಾಯುವುದು ರೋಗಾಣು. ಕೀಟನಾಶಕಗಳನ್ನು ಕುದಿಸಿ ಓಡಿಸಲು ಆಗುವುದಿಲ್ಲ. ನೀರು ಆವಿಯಾದಷ್ಟು ಉಳಿದದ್ದು ಗಟ್ಟಿಯೇ ಆದೀತು. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಮೇಲೆ ಬಿದ್ದ ಮಳೆ ಬೇಗ ಬಾವಿಗೆ ಇಳಿಯುತ್ತದೆ. ಬಾವಿಗೆ ಸರಿಯಾದ ಕಟ್ಟೆ ಕಟ್ಟಿಸಿ, ಮದ್ದು ಬಿಡುವ ದಿನ ಟಾರ್ಪಾಲು ಮುಚ್ಚಿ. ಕಲಸುವುದು, ಪಂಪು ತೊಳೆಯುವುದು ಬಾವಿಕಟ್ಟೆಯ ಹತ್ತಿರ ಬೇಡ. ಮಳೆ ಮೋಡ ಕಟ್ಟಿದಾಗ ಬಿಟ್ಟರೆ ದುಡ್ಡೂ ನೀರುಪಾಲು, ಮದ್ದೂ ನೀರುಪಾಲು.

ಖಾಲಿ ಬಾಟ್ಲಿ ಒಳ್ಳೆ ಗಟ್ಟಿ ಇರ್ತದೆ. ಚೆನ್ನಾಗಿ ತೊಳೆದು ಸೀಮೆಎಣ್ಣೆಗೆ ಇಟ್ಟುಕೊಂಡರೆ?

ಬೇಡ. ಇವತ್ತು ಸೀಮೆಎಣ್ಣೆ, ನಾಳೆ ತೆಂಗಿನೆಣ್ಣೆ, ನಾಡಿದ್ದು ಯಾರೋ ಗೊತ್ತಿಲ್ಲದವರು ನೀರು ತುಂಬಿಸುತ್ತಾರೆ. ಖಾಲಿ ಬಾಟ್ಲಿಯನ್ನು ಮರುಬಳಕೆಗೆ ಸಿಗದ ಹಾಗೆ ಒಡೆದು, ವಾಸದ ಜಾಗದಿಂದ ದೂರ ಹೂಳಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಮೂರು ಸಲ ಕುಲುಕಿ ತೊಳೆದ ನೀರನ್ನು ಪಂಪಿಗೇ ಹೊಯ್ಯಿರಿ, ಆಮೇಲೆ ಬಾಟ್ಲಿಗೆ ಕತ್ತಿಯಿಂದ ತೂತು ಹೊಡೆಯಿರಿ.

## ವಿಷ ಏರಿದರೆ

ಮದ್ದು ಬಿಟ್ಟು ಬಂದವರಿಗೆ ತಲೆ ತಿರುಗಿ ವಾಂತಿ ಬಂದರೆ ಮಜ್ಜಿಗೆ ಕೊಡಬಹುದಾ? ಉಪ್ಪು ನೀರು ಕುಡಿಸಿ ಕಕ್ಕಿಸಬೇಕಾ?

ಎರಡೂ ಬೇಡ. ಉಪ್ಪು ನೀರು ಕುಡಿಸಿ ಕಕ್ಕಿಸುವಾಗ ಅದು ಶ್ವಾಸಕೋಶಕ್ಕೆ ಹೋಗುವುದು ಇನ್ನೂ ಅಪಾಯ. ಬಟ್ಟೆ ತೆಗೆಯಿರಿ, ಸೋಪು ನೀರಿನಲ್ಲಿ ಮೈ, ತಲೆಗೂದಲು ತೊಳೆಯಿರಿ. ತೊಳೆಯುವವರೂ ಗ್ಲೌಸು ಹಾಕಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ನೀರು ಬಿಡಿ. ಎಚ್ಚರ ತಪ್ಪಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ. ಬಾಟ್ಲಿಯನ್ನು, ಕಡೇಪಕ್ಷ ಲೇಬಲ್ಲಿನ ಫೋಟೋವನ್ನು ಜೊತೆಗೆ ಒಯ್ಯಿರಿ. ಇದು ತುಂಬಾ ಮುಖ್ಯ. ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗಿ, ಜೊಲ್ಲು, ಬೆವರು ಸುರಿಯುತ್ತಿದ್ದರೆ ಡಾಕ್ಟರು ಅಟ್ರೋಪಿನ್ ಕೊಡುತ್ತಾರೆ. ಆದರೆ ಪ್ಯಾರಾಕ್ವಾಟ್ ಅನ್ನುವ ಕಳೆನಾಶಕಕ್ಕೆ ಪ್ರತಿಮದ್ದೇ ಇಲ್ಲ. ಯಾವುದು ತಾಗಿದ್ದು ಅಂತ ತಿಳಿಯದೆ ಅವರು ಕತ್ತಲಲ್ಲಿ ಹುಡುಕಬೇಕಾಗುತ್ತದೆ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಹೇಳಲಿಕ್ಕೆ ಬೇಸರದ ಇನ್ನೊಂದು ಮಾತು. ಮನೆಯಲ್ಲಿ ಯಾರಾದರೂ ಮನಸ್ಸು ಕೆಟ್ಟು ಕೂತಿದ್ದರೆ ಮದ್ದಿನ ಡಬ್ಬಿಗಳು ಬೀಗದ ಒಳಗೆ ಇರಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಕೈಗೆ ಸಿಗದೇ ಹೋದ ಆ ಒಂದು ಗಂಟೆಯಲ್ಲಿ ಜೀವ ಉಳಿಯುತ್ತದೆ. ಮಾತಾಡಲು 14416 ಟೆಲಿಮಾನಸ್ ಸಹಾಯವಾಣಿ ಉಂಟು.

## ಕಾನೂನು, ದೂರು, ಎಂಡೋಸಲ್ಫಾನ್

ಇದಕ್ಕೆಲ್ಲ ಕಾನೂನು ಅಂತ ಉಂಟಾ? ಯಾರು ನೋಡಿಕೊಳ್ಳುವುದು?

ಉಂಟು, ಅದು ಹುಟ್ಟಿದ್ದು ನಮ್ಮ ಪಕ್ಕದ ಕೇರಳದ ಒಂದು ದುರಂತದಿಂದ. 1958ರಲ್ಲಿ ಹಡಗಿನಲ್ಲಿ ಗೋಧಿಹಿಟ್ಟಿನ ಜೊತೆ ಫಾಲಿಡಾಲ್ ಅನ್ನುವ ಕೀಟನಾಶಕವನ್ನೂ ಸಾಗಿಸಿದರು. ಸೋರಿದ ವಿಷ ಹಿಟ್ಟಿಗೆ ಸೇರಿತು. ತಿಂದವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸಮಿತಿ, ವರದಿ ಎಲ್ಲ ಆಗಿ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಇದನ್ನು ಬದಲಿಸಲು 2020ರಲ್ಲಿ ಹೊಸ ಮಸೂದೆ ರಾಜ್ಯಸಭೆಗೆ ಬಂದು, ಸ್ಥಾಯಿ ಸಮಿತಿಗೆ ಹೋಯಿತು.

ಮದ್ದನ್ನು ದೇಶದಲ್ಲಿ ಮಾರಬಹುದಾ ಅಂತ ಹೇಳುವುದು ಫರೀದಾಬಾದಿನ ನೋಂದಣಿ ಸಮಿತಿ. ಅಂಗಡಿಗೆ ಲೈಸೆನ್ಸ್ ಕೊಡುವುದು, ಮಾದರಿ ತೆಗೆದು ಪರೀಕ್ಷೆಗೆ ಕಳಿಸುವುದು ರಾಜ್ಯದ ಕೃಷಿ ಇಲಾಖೆ. ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಪಕ್ಕದ ತೋಟದವರು ಬಿಟ್ಟದ್ದು ನಮ್ಮ ಅಂಗಳಕ್ಕೇ ಬೀಳ್ತದೆ. ಈ ಕಾಯ್ದೆಯಲ್ಲಿ ಕೇಸು ಹಾಕ್ಲಿಕ್ಕೆ ಆಗ್ತದಾ?

ಇಲ್ಲೇ ಇರುವುದು ದೊಡ್ಡ ತೂತು. 1968ರ ಕಾಯ್ದೆಯ 38ನೇ ಸೆಕ್ಷನ್ ಓದಿ. ತನ್ನ ಮನೆಗೆ, ಕೈತೋಟಕ್ಕೆ, ತಾನು ಸಾಗುವಳಿ ಮಾಡುವ ಜಮೀನಿಗೆ ಯಾರಾದರೂ ಕೀಟನಾಶಕ ಬಳಸಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದರಲ್ಲಿದೆ. ತಯಾರಿಗೆ ಕಾನೂನು, ಸಾಗಾಟಕ್ಕೆ ಕಾನೂನು, ಮಾರಾಟಕ್ಕೆ ಕಾನೂನು. ಡಬ್ಬಿ ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಹೆಚ್ಚುಕಡಿಮೆ ನಿಮ್ಮ ವಿವೇಕ. ಸಣ್ಣ ರೈತನನ್ನು ಇನ್ಸ್‌ಪೆಕ್ಟರನ ಕಾಟದಿಂದ ಉಳಿಸಲು ಹೀಗೆ ಬರೆದಿರಬಹುದು, ಅದರಲ್ಲಿ ನ್ಯಾಯವೂ ಇದೆ. ಆದರೆ ಪಕ್ಕದ ಮನೆಯ ಬಾವಿಯನ್ನು ಯಾರು ಕಾಯಬೇಕು?

ಬೇರೆ ದಾರಿಗಳು ಇವೆ. ವಿಷದ ವಸ್ತುವನ್ನು ಬೇಜವಾಬ್ದಾರಿಯಿಂದ ಬಳಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 286ನೇ ಸೆಕ್ಷನ್ ಇದೆ. ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆಯನ್ನೂ ಕೇಳಬಹುದು. ಕಾಸರಗೋಡು ಜಿಲ್ಲೆಯ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋದದ್ದು ಹಾಗೆಯೇ. ಎದುರಿಗಿದ್ದದ್ದು ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್. ಎಂಡೋಸಲ್ಫಾನ್ ಸಿಂಪಡಣೆಗೆ ಅವರಿಗೆ ತಡೆಯಾಜ್ಞೆ ಸಿಕ್ಕಿತು.

ನೆರೆಕರೆಯವರ ಜೊತೆ ಕೋರ್ಟು ಬೇಡ ಅಂದರೆ ಮೊದಲು ಮಾತಾಡಿ. ಗಾಳಿ ನಿಮ್ಮ ಕಡೆ ಬೀಸುವ ಹೊತ್ತು ಬಿಟ್ಟು ಬೆಳಿಗ್ಗೆ ಬೇಗ ಬಿಡಲು ಹೇಳಿ, ಹಿಂದಿನ ದಿನ ತಿಳಿಸಲು ಹೇಳಿ. ಹೆಚ್ಚಿನವರು ಒಪ್ಪುತ್ತಾರೆ.

ಎಂಡೋಸಲ್ಫಾನ್ ನಿಂತು ಎಷ್ಟೋ ವರ್ಷ ಆಯ್ತಲ್ಲ. ಈಗಲೂ ಅದನ್ನೇ ಯಾಕೆ ಹೇಳುವುದು?

ಸಿಂಪಡಣೆ ನಿಂತಿತು, ಆ ಮನೆಗಳ ಕಷ್ಟ ನಿಂತಿಲ್ಲ. ಗೇರುತೋಟಗಳ ಮೇಲೆ ಚಹಾ ಸೊಳ್ಳೆ ಅನ್ನುವ ಕೀಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗಡಿಯ ಆಚೆ ಕೇರಳದ ಎಣ್ಮಕಜೆಯ ಪಡ್ರೆ, ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ. ಹೆಲಿಕಾಪ್ಟರ್ ನೋಡಲು ಮಕ್ಕಳು ಅಂಗಳಕ್ಕೆ ಓಡುತ್ತಿದ್ದರು ಅಂತ ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಆಮೇಲೆ ಹುಟ್ಟಿದ ಮಕ್ಕಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ ಕಾಣತೊಡಗಿತು. ಮೊದಲು ಗಮನಿಸಿದವರು ವಾಣಿನಗರದ ಡಾಕ್ಟರ್ ಮೋಹನ್ ಕುಮಾರ್. ಅದನ್ನು ಹೊರಗಿನ ಲೋಕಕ್ಕೆ ತಿಳಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆಯವರು ಮುಖ್ಯರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಪಡ್ರೆಯ ಮಕ್ಕಳನ್ನು ಪರೀಕ್ಷಿಸಿತು. ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಅಂತ 2003ರಲ್ಲಿ ಪ್ರಕಟವಾಯಿತು.

2011ರ ಫೆಬ್ರವರಿಯಲ್ಲಿ ಕರ್ನಾಟಕ ತಡೆಹಿಡಿಯಿತು. ಏಪ್ರಿಲಿನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಜಗತ್ತಿನಲ್ಲೇ ನಿಲ್ಲಿಸಲು ತೀರ್ಮಾನಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ತಡೆ ಹಾಕಿತು. 2017ರ ಜನವರಿಯಲ್ಲಿ ಅದೇ ಕೋರ್ಟ್ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿತು. ಗಡಿಯ ಈಚೆಯವರು ಅದನ್ನು ಪೇಪರಿನಲ್ಲಿ ಓದಿದರು. ಹೆಲಿಕಾಪ್ಟರಿಗೆ ಗಡಿ ಇರಲಿಲ್ಲ, ಪರಿಹಾರಕ್ಕೆ ಇತ್ತು. ನಲವತ್ತರ ಮಗನನ್ನು ಎತ್ತಿ ಸ್ನಾನ ಮಾಡಿಸುವ ಎಪ್ಪತ್ತರ ತಾಯಿಗೆ ಇದು ಹಳೆಯ ಕತೆ ಅಂತ ಹೇಳಿ ನೋಡಿ.

ಅಷ್ಟು ಅಪಾಯ ಇದ್ದರೆ ರಾಜ್ಯ ಸರ್ಕಾರವೇ ಉಳಿದವನ್ನೂ ನಿಲ್ಲಿಸಬಹುದಲ್ಲ?

ಪೂರ್ತಿ ನಿಲ್ಲಿಸಲು ಅಧಿಕಾರ ಇಲ್ಲ. ಕೀಟನಾಶಕ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ರಾಜ್ಯ 60 ದಿನ ತಡೆಹಿಡಿಯಬಹುದು, ಬೇಕಾದರೆ ಇನ್ನು 30 ದಿನ. ಆಮೇಲೆ ಕೇಂದ್ರವೇ ತೀರ್ಮಾನ ಮಾಡಬೇಕು. ರೋಗಿ ನಮ್ಮ ಜಿಲ್ಲಾಸ್ಪತ್ರೆಯಲ್ಲಿ, ಅಧಿಕಾರ ದೆಹಲಿಯಲ್ಲಿ. ಇದು ಬದಲಾಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಡ್ರೋನಿನಲ್ಲಿ ಬಿಡ್ತಾರೆ. ಅದು ಹೆಲಿಕಾಪ್ಟರಿನ ಹಾಗೇ ಅಲ್ವಾ?

ಎತ್ತರ ಕಡಿಮೆ, ಜಾಗ ಸಣ್ಣದು, ಮರ ಹತ್ತುವವನ ಜೀವಕ್ಕೆ ಅಪಾಯ ಇಲ್ಲ. ಅಷ್ಟು ಒಳ್ಳೆಯದೇ. ಆದರೆ ಡ್ರೋನು ಹೊರುವ ನೀರು ಕಡಿಮೆ, ಹಾಗಾಗಿ ಮದ್ದು ಗಟ್ಟಿ, ಹನಿ ಸಣ್ಣದು. ಸಣ್ಣ ಹನಿ ಗಾಳಿಗೆ ದೂರ ಹೋಗುತ್ತದೆ.

ಆಕಾಶದಿಂದ ಸಿಂಪಡಿಸುವವರು ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಜನ ಜಾನುವಾರು ಆ ಜಾಗಕ್ಕೆ ಹೋಗದ ಹಾಗೆ ನೋಡಬೇಕು ಅಂತ 1971ರ ನಿಯಮಗಳಲ್ಲೇ ಇತ್ತು. ಹೆಲಿಕಾಪ್ಟರ್ ಬಂದಾಗ ಮಕ್ಕಳು ಅಂಗಳದಲ್ಲಿ ನಿಂತದ್ದನ್ನು ನೆನೆದರೆ ಆ ನಿಯಮ ಎಷ್ಟು ನಡೆಯಿತು ಅಂತ ಗೊತ್ತಾಗುತ್ತದೆ. ಡ್ರೋನಿಗಾಗಿ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಬೇರೆಯೇ ಕಾರ್ಯವಿಧಾನ ಹೊರಡಿಸಿದೆ. ನಿಮ್ಮ ವಾರ್ಡಿನಲ್ಲಿ ಡ್ರೋನು ಬರುತ್ತದೆ ಅಂತ ಗೊತ್ತಾದರೆ ಪಂಚಾಯತಿಗೆ ಹೋಗಿ ಯಾವ ಮದ್ದು, ಯಾವ ದಿನ, ಎಷ್ಟು ಹೊತ್ತಿಗೆ ಅಂತ ಕೇಳಿ. ಆ ದಿನ ಒಣಗಿದ ಬಟ್ಟೆ ಒಳಗೆ ತನ್ನಿ, ದನವನ್ನು ಹಟ್ಟಿಯಲ್ಲೇ ಕಟ್ಟಿ, ಜೇನು ಸಾಕುವವರಿಗೆ ಒಂದು ಫೋನ್ ಮಾಡಿ, ಬಾವಿಗೆ ಟಾರ್ಪಾಲು ಹಾಕಿ. ಮಕ್ಕಳು ಡ್ರೋನು ನೋಡಬೇಕು ಅಂತ ಹಟ ಹಿಡಿಯುತ್ತಾರೆ. ಕಿಟಕಿ ಹಾಕಿ, ಗಾಜಿನ ಹಿಂದೆ ನಿಲ್ಲಿಸಿ ತೋರಿಸಿ.